ಅಗಳು ತೆಗೆಸದ ಹರ್ಷಯ್ಯ

ಪ್ರಪಂಚ ಮುಗಿದ ಮೇಲೆ ಕರೆಂಟ್ ಇರುವುದಿಲ್ಲ. ಫೋನಿಗೆ ಸಿಗ್ನಲ್ ಇರುವುದಿಲ್ಲ. ರಸ್ತೆಗೆ ಅಡ್ಡ ಮರ ಬಿದ್ದಿರುತ್ತದೆ, ತೆಗೆಯುವವರು ಬರುವುದಿಲ್ಲ. ಪೇಟೆಗೆ ಹೋಗುವಂತಿಲ್ಲ, ಡಬ್ಬಿಯಲ್ಲಿ ತುಂಬಿಟ್ಟಿದ್ದನ್ನೇ ತಿನ್ನಬೇಕು. ಕತ್ತಲಾದ ಮೇಲೆ ಹೊರಗೆ ಸರಸರ ಅಂದರೆ ಬ್ಯಾಟರಿ ಹಿಡಿದು ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ. ಇದನ್ನೆಲ್ಲ ಅಮೆರಿಕದವರು ಸಿಕ್ಕಾಪಟ್ಟೆ ಖರ್ಚು ಮಾಡಿ ತೋರಿಸಿ ಜನರನ್ನು ಹೆದರಿಸುತ್ತಾರೆ. ಹೊಸನಗರ ತಾಲ್ಲೂಕಿನ ಒಂಟಿ ಮನೆಗಳಲ್ಲಿ ಇದಕ್ಕೆ ಆಷಾಢ ಅಂತಾರೆ.

ಹಾಗಾಗಿ ಸತ್ತವರು ಎದ್ದು ಬಂದು ಕಚ್ಚುವ ಜೊಂಬಿ ಧಾರಾವಾಹಿ ನೋಡಿ ಬೆಚ್ಚಿಬೀಳುವುದಕ್ಕೆ ದೊಡ್ಡಪ್ಪನ ಮನೆ ಸರಿಯಾದ ಜಾಗ ಅಲ್ಲ. ಆದರೂ ನೋಡಿದೆವು. ಮಳೆಗಾಲದಲ್ಲಿ ರಜೆಗೆ ಬಂದ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ 'ದಿ ವಾಕಿಂಗ್ ಡೆಡ್' ತುಂಬಿಕೊಂಡು ಬಂದಿದ್ದ. ಇನ್ವರ್ಟರ್ ಇರುವ ತನಕ ಜಗಲಿಯಲ್ಲಿ ಅದೇ. ದೊಡ್ಡಪ್ಪ, ದೊಡ್ಡಮ್ಮನಿಗೆ ಇಂಗ್ಲಿಷ್ ಬಾರದು. ಮೊಮ್ಮಗ ತಾಳಮದ್ದಲೆಯ ಅರ್ಥಧಾರಿ ಹಾಗೆ ಪಕ್ಕದಲ್ಲಿ ಕೂತು ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದ. ಒಟ್ಟು 11 ಸೀಸನ್, 177 ಕಂತು, 2010ರಲ್ಲಿ ಶುರುವಾಗಿದ್ದು 2022ರಲ್ಲಿ ಮುಗಿಯಿತು ಅಂದಾಗ ದೊಡ್ಡಮ್ಮ ನಕ್ಕುಬಿಟ್ಟರು. ಅವರು ಸಂಜೆ ನೋಡುವ ಧಾರಾವಾಹಿಯಲ್ಲಿ 177ನೇ ಕಂತಿಗೆ ಹುಡುಗಿಯ ಮದುವೆ ನಿಶ್ಚಯವೂ ಆಗಿರುವುದಿಲ್ಲ.

ನಾನು ಹೇಳಹೊರಟಿದ್ದು ಅಷ್ಟರಲ್ಲಿ ಒಂದೇ ಕಂತಿನ ವಿಷಯ. ಎರಡನೇ ಸೀಸನ್ನಿನ ಕೊನೆಯದು, 2012ರ ಮಾರ್ಚ್ 18ರಂದು ಪ್ರಸಾರವಾದದ್ದು. ಹೆಸರು 'ಬಿಸೈಡ್ ದ ಡೈಯಿಂಗ್ ಫೈರ್'. ಜಾರ್ಜಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಹರ್ಷೆಲ್ ಅಂತ ಒಬ್ಬ ಮುದುಕ. ದೊಡ್ಡಮ್ಮನ ಬಾಯಲ್ಲಿ ಅವನು ಮೊದಲ ದಿನವೇ ಹರ್ಷಯ್ಯ ಆದ. ದೊಡ್ಡ ಜಮೀನು, ಮರದ ಮನೆ, ಬಾವಿ, ದನ, ಕುದುರೆ, ಕೋಳಿ. ಕಸುಬು ದನದ ಡಾಕ್ಟರು. ಇಷ್ಟು ಕೇಳಿದ್ದೇ ದೊಡ್ಡಪ್ಪನಿಗೆ ಅವನ ಮೇಲೆ ಗೌರವ ಬಂತು. ನಮ್ಮ ಕಡೆ ಮಳೆಗಾಲದ ರಾತ್ರಿ ಎಮ್ಮೆ ಕರು ಹಾಕಲಾರದೆ ಒದ್ದಾಡಿದರೆ ದನದ ಡಾಕ್ಟರನ್ನು ಹುಡುಕುವುದಕ್ಕಿಂತ ಪ್ರಪಂಚ ಮುಳುಗುವುದು ಸುಲಭ. ರಿಕ್ ಎಂಬ ಪೊಲೀಸಿನವನೂ ಅವನ ಜೊತೆಯವರೂ ಓಡುತ್ತಾ ಓಡುತ್ತಾ ಬಂದು ಈ ಜಮೀನಿನಲ್ಲಿ ಬಿಡಾರ ಹೂಡಿರುತ್ತಾರೆ.

ಈ ಹರ್ಷಯ್ಯ ಮೊದಲು ಒಂದು ವಿಚಿತ್ರ ಮಾಡಿದ್ದ. ಸತ್ತು ಎದ್ದ ತನ್ನ ಹೆಂಡತಿಯನ್ನೂ ಅವಳ ಮಗನನ್ನೂ ಊರಿನ ಇನ್ನೊಂದಿಷ್ಟು ಜನರನ್ನೂ ಹುಲ್ಲಿನ ಕೊಟ್ಟಿಗೆಯಲ್ಲಿ ಕೂಡಿಹಾಕಿ ಕೋಳಿ ಹಾಕಿ ಸಾಕುತ್ತಿದ್ದ. ಇದು ಕಾಯಿಲೆ, ವಾಸಿಯಾಗುತ್ತದೆ ಅಂತ ಅವನ ನಂಬಿಕೆ.

"ದನದ ಡಾಕ್ಟ್ರಿಗೆ ಸತ್ತಿದ್ದು ಗೊತ್ತಾಗ್ಲಿಲ್ವನಾ?" ಅಂತ ದೊಡ್ಡಪ್ಪ.

"ಗೊತ್ತಾಗಿರತ್ತೆ. ಹೆಂಡ್ತೀನ ಹೊರಗೆ ಹಾಕೋಕೆ ಮನಸ್ಸು ಬರ್ಬೇಕಲ್ಲ," ಅಂತ ದೊಡ್ಡಮ್ಮ.

ದೊಡ್ಡಪ್ಪ ಸುಮ್ಮನಾದರು.

ಕೊನೆಯ ಕಂತು ಶುರುವಾಗುವುದು ಅಟ್ಲಾಂಟಾ ನಗರದಲ್ಲಿ. ಬೀದಿಯಲ್ಲಿ ಜೊಂಬಿಗಳಿವೆ. ಮೇಲೊಂದು ಹೆಲಿಕಾಪ್ಟರ್ ಹೋಗುತ್ತದೆ. ಸದ್ದು ಬಂದ ದಿಕ್ಕಿಗೆ ಅವು ಹೆಜ್ಜೆ ಹಾಕುತ್ತವೆ. ಹೆಲಿಕಾಪ್ಟರ್ ಹೋಗಿ ಎಷ್ಟೋ ಹೊತ್ತಾದರೂ ನಡಿಗೆ ನಿಲ್ಲುವುದಿಲ್ಲ. ಯಾಕೆ ಹೊರಟೆವು, ಎಲ್ಲಿಗೆ ಹೊರಟೆವು ಅಂತ ಒಂದಕ್ಕೂ ಗೊತ್ತಿಲ್ಲ, ಪಕ್ಕದ್ದು ನಡೆಯುತ್ತಿದೆ ಅಂತ ಇದೂ ನಡೆಯುತ್ತದೆ. ದಾರಿಯಲ್ಲೊಂದು ಬೇಲಿ ಅಡ್ಡ ಬಂದರೆ ಎಲ್ಲ ಸೇರಿ ಒರಗುತ್ತವೆ, ಬೇಲಿ ಮುರಿಯುತ್ತದೆ, ಮತ್ತೆ ನಡಿಗೆ. ಆ ರಾತ್ರಿ ರಿಕ್‌ನ ಮಗ ಕಾರ್ಲ್ ಬಯಲಿನಲ್ಲಿ ಒಂದು ಗುಂಡು ಹಾರಿಸುತ್ತಾನೆ. ಅಷ್ಟು ಸಾಕಾಯಿತು. ಹಿಂಡು ಹರ್ಷಯ್ಯನ ಜಮೀನಿನ ಕಡೆ ತಿರುಗಿತು.

ಬೇಲಿ ಮುರಿಯುವ ಜಾಗದಲ್ಲಿ ಕಥೆ ನಿಂತುಹೋಯಿತು. ದೊಡ್ಡಪ್ಪ ನಿಲ್ಲಿಸಿ ಅಂದರು. "ಅದೆಂಥಾ ಬೇಲಿ ಮಾರಾಯ! ನಮ್ಮನೆ ಎಮ್ಮೆ ಮೈ ತಿಕ್ಕಿದ್ರೆ ಬೀಳುತ್ತೆ. ಒಂದು ಅಗಳು ತೆಗೆಸಿದ್ರೆ ಏನಾಗ್ತಿತ್ತು?"

ಅಗಳು ಅಂದರೆ ತೋಟದ ಸುತ್ತ ತೆಗೆಯುವ ಕಂದಕ. ಆಳೆತ್ತರ ತೆಗೆದು, ಮಣ್ಣನ್ನು ಒಳಬದಿಗೆ ಧರೆ ಹಾಗೆ ಏರಿಸಿಬಿಟ್ಟರೆ ದನ ಬರುವುದಿಲ್ಲ, ಹಂದಿ ಬರುವುದಿಲ್ಲ. ಕಣ್ಣು ಕಾಣದೆ ನೆಟ್ಟಗೆ ನಡೆಯುವ ಹೆಣಗಳು ಹೇಗೆ ಬಂದಾವು? ಒಂದೊಂದಾಗಿ ಬಿದ್ದು ಅಲ್ಲೇ ಇರುತ್ತವೆ. ಬೆಳಿಗ್ಗೆ ಕಾಫಿ ಕುಡಿದು ನಿಧಾನಕ್ಕೆ ನೋಡಿಕೊಂಡರಾಯಿತು. ಈ ವಾದಕ್ಕೆ ಎದುರು ವಾದ ನನಗೆ ಇವತ್ತಿನವರೆಗೂ ಹೊಳೆದಿಲ್ಲ. ಅಷ್ಟು ಸೀಸನ್ ಬರೆದವರ ಪೈಕಿ ಒಬ್ಬರಾದರೂ ತೀರ್ಥಹಳ್ಳಿ ಕಡೆ ಬಂದು ನಾಲ್ಕು ದಿನ ಇದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಜಾರ್ಜಿಯಾದ ಆ ಜಮೀನು ಸಪಾಟು. ನಮ್ಮದು ಹಾಗಲ್ಲ ಅಲ್ವಾ? ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ತೋಟ, ನಡುವೆ ಹಳ್ಳ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಜುಲೈ ತಿಂಗಳಲ್ಲಿ ಪಾಚಿ ಕಟ್ಟಿದ ಸಂಕ ದಾಟುವುದು ಬದುಕಿದ್ದವರಿಗೇ ಕಷ್ಟ. ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತದೆ ಅಂತ ಅಡಿಕೆ ದಬ್ಬೆ ಹಾಸಿರುತ್ತೇವೆ. ಸತ್ತವರು ದಬ್ಬೆ ನೋಡಿಕೊಂಡು ನಡೆಯುತ್ತಾರಾ? ಪಾಪ ಉಂಬಳಗಳಿಗೆ ಮಾತ್ರ ಬೇಜಾರಾದೀತು. ಇಷ್ಟು ಕಾಲು ಬಂದರೂ ಒಂದರಲ್ಲೂ ರಕ್ತ ಇಲ್ಲ.

ಆದರೆ ಮೊಮ್ಮಗ ಬಿಡಲಿಲ್ಲ. "ಅಜ್ಜ, ಅವು ಸದ್ದಿಗೆ ಬರ್ತವೆ" ಅಂದ. ಆಗ ದೊಡ್ಡಪ್ಪನ ಮುಖ ನಿಜವಾಗಿ ಸಣ್ಣದಾಯಿತು. ನಮ್ಮಲ್ಲಿ ಬೆಳೆ ಕಾಯುವ ವಿದ್ಯೆ ಪೂರ್ತಿ ನಿಂತಿರುವುದು ಸದ್ದಿನ ಮೇಲೆ. ಮಂಗಕ್ಕೆ ಗರ್ನಾಲು ಹೊಡೆಯಬೇಕು. ಹಂದಿಗೆ ಡಬ್ಬ ಬಡಿಯಬೇಕು. ಕಾಡುಕೋಣ ಗದ್ದೆಗೆ ಇಳಿದರೆ ನಾಲ್ಕು ಮನೆಯವರು ಸೇರಿ ದೂರದಿಂದ ಹೋ ಅನ್ನಬೇಕು. ಕೆಲವರು ಗದ್ದೆ ನಡುವೆ ಮಾಳ ಕಟ್ಟಿ ರಾತ್ರಿಯಿಡೀ ರೇಡಿಯೊ ಹಾಕಿ ಬಿಡುತ್ತಾರೆ. ಮನೆಗಳು ದೂರ ದೂರ, ಹಾಗಾಗಿ ಮಾತಾಡುವುದೂ ಜೋರು. ಆ ಗುಡ್ಡದಿಂದ ಈ ಗುಡ್ಡಕ್ಕೆ ಕೂಗು ಹಾಕಿ ಗೊನೆ ಕೊಯ್ಯುವವರು ನಾಳೆ ಬರುತ್ತಾರಾ ಅಂತ ಕೇಳಿದವರು ನಾವು. ಇಷ್ಟು ಕಾಲ ಓಡಿಸುವುದಕ್ಕೆ ಬಳಸಿದ್ದೇ ಕರೆಯುವುದಕ್ಕೆ ಆಗಿಬಿಟ್ಟರೆ ಏನು ಮಾಡುವುದು? ಒಂದು ಗರ್ನಾಲು ಸಿಡಿದರೆ ಸಾಗರದಿಂದ ಆಗುಂಬೆವರೆಗಿನ ಸತ್ತವರೆಲ್ಲ ನಮ್ಮ ದಣಪೆ ಹತ್ತಿರ ಸಾಲು ನಿಲ್ಲುತ್ತಾರೆ.

"ಹಾಗಾದ್ರೆ ಐಬೆಕ್ಸ್ ಬೇಲಿ" ಅಂದರು ದೊಡ್ಡಪ್ಪ, ಸ್ವಲ್ಪ ಹೊತ್ತು ಯೋಚಿಸಿ. ಸೋಲಾರ್ ತಂತಿ ಬೇಲಿ. ಸತ್ತವರಿಗೆ ಶಾಕ್ ಹೊಡೆಯುತ್ತದೋ ಇಲ್ಲವೋ ಎಂಬ ಚರ್ಚೆ ಊಟದವರೆಗೂ ನಡೆಯಿತು.

ಇನ್ನು ಕೋವಿ. ಹಿಂಡು ಮನೆ ಮುಟ್ಟಿದಾಗ ಹರ್ಷಯ್ಯ ಅಂಗಳದಲ್ಲಿ ನಿಂತು ಕೋವಿಯಿಂದ ಹೊಡೆಯುತ್ತಾನೆ. ಹೊಡೆಯುತ್ತಾನೆ, ಹೊಡೆಯುತ್ತಲೇ ಇರುತ್ತಾನೆ. ತೋಟಾ ತುಂಬಿಸುವುದು ಮಾತ್ರ ಕಾಣುವುದೇ ಇಲ್ಲ. ಈ ಮುಗಿಯದ ಕೋವಿ ನೋಡುಗರ ನಡುವೆ ತಮಾಷೆಯಾಗಿಬಿಟ್ಟಿದೆ. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ, ಹೊಟ್ಟೆಕಿಚ್ಚು ಪಟ್ಟರು. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ಇಟ್ಟುಕೊಂಡವರು ಚುನಾವಣೆ ಬಂತು ಅಂದರೆ ಅದನ್ನು ಸ್ಟೇಷನ್ನಿಗೆ ಒಯ್ದು ಒಪ್ಪಿಸಿ ಬರಬೇಕು. ಫಲಿತಾಂಶ ಬಂದು ಎಲ್ಲ ಮುಗಿದ ಮೇಲೆ ವಾಪಸ್. ಮಂಗ, ಹಂದಿಗಳಿಗೆ ಈ ವೇಳಾಪಟ್ಟಿ ಹೇಗೋ ಗೊತ್ತಾಗುತ್ತದೆ. ಜೊಂಬಿಗಳು ಬರುವುದಾದರೆ ನೀತಿ ಸಂಹಿತೆ ಇಲ್ಲದ ಕಾಲ ನೋಡಿಕೊಂಡು ಬರಬೇಕು. ಲೋಕಸಭೆ, ವಿಧಾನಸಭೆ, ಪಂಚಾಯ್ತಿ ಎಲ್ಲ ಕಳೆದು ಉಳಿಯುವ ದಿನ ಅವಕ್ಕೆ ಸಿಗುವುದು ಅಷ್ಟು ಸುಲಭವಿಲ್ಲ.

ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬೀಳುತ್ತದೆ. ಜೊಂಬಿಗಳನ್ನು ಒಳಗೆ ಸೆಳೆದು ಸುಡುವ ರಿಕ್‌ನ ಉಪಾಯ ಅದು. ಹರ್ಷಯ್ಯನ ಮನೆಯಲ್ಲಿದ್ದವರ ಪೈಕಿ ಇಬ್ಬರು ಅಲ್ಲೇ ಸಾಯುತ್ತಾರೆ, ಉಳಿದವರು ಸಿಕ್ಕ ಸಿಕ್ಕ ಗಾಡಿ ಹತ್ತಿ ಚೆಲ್ಲಾಪಿಲ್ಲಿ. ಇದನ್ನೆಲ್ಲ ಬೇಗ ದಾಟಿ ಹೋಗುತ್ತೇನೆ. ಓಡುವುದು, ಕಚ್ಚುವುದು, ಕಿರಿಚುವುದು ಎಲ್ಲ ಜೊಂಬಿ ಕಥೆಯಲ್ಲೂ ಒಂದೇ ತರಹ. ದೊಡ್ಡಪ್ಪ ಲ್ಯಾಪ್‌ಟಾಪಿಗೆ ಮುಖ ಹತ್ತಿರ ತಂದದ್ದು ಬೇರೊಂದು ಜಾಗದಲ್ಲಿ.

ಹೋಗೋಣ ಬಾ ಅಂತ ರಿಕ್ ಬಂದು ಹರ್ಷಯ್ಯನ ತೋಳು ಹಿಡಿದು ಎಳೆಯುತ್ತಾನೆ. ಇದು ನನ್ನ ಜಮೀನು ಅನ್ನುತ್ತಾನೆ ಹರ್ಷಯ್ಯ. ಇನ್ನು ಮೇಲೆ ಅಲ್ಲ ಅನ್ನುತ್ತಾನೆ ರಿಕ್. ಅಷ್ಟೇ ಮಾತು.

ಮೊಮ್ಮಗ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ದೊಡ್ಡಪ್ಪ "ಇನ್ನೊಂದ್ಸಲ ಹಾಕು" ಅಂದರು. ಇನ್ನೊಂದು ಸಲ ಹಾಕಿದ. ದೊಡ್ಡಪ್ಪ ಮುಳುಗಡೆಯಲ್ಲಿ ಎದ್ದು ಬಂದ ಮನೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಹಿನ್ನೀರಿಗೆ ಹೋದ ಊರುಗಳಲ್ಲಿ ಅವರದೂ ಒಂದು. ಅವರಾಗ ಶಾಲೆಗೆ ಹೋಗುವ ಹುಡುಗ. ಮನೆಯ ಹಂಚು ಇಳಿಸಿ, ಕಂಬ, ತೊಲೆ, ಬಾಗಿಲು ಬಿಚ್ಚಿ ಲಾರಿಗೆ ಹೇರಿದರಂತೆ. ದನಗಳನ್ನು ನಡೆಸಿಕೊಂಡು ಬಂದರಂತೆ. ಅವರ ಅಪ್ಪ ಮಾತ್ರ ಲಾರಿ ಹೊರಟ ಮೇಲೂ ತೋಟದಲ್ಲಿ ಉಳಿದಿದ್ದರಂತೆ. ಗೊನೆ ಬಿಟ್ಟು ನಿಂತ ಮರಗಳವು. ಅಡಿಕೆ ಸಸಿ ನೆಟ್ಟರೆ ಫಸಲು ಕಾಣುವುದಕ್ಕೆ 5–6 ವರ್ಷ ಬೇಕು. ನೀರು ಬರುವುದಕ್ಕೆ ಒಂದು ಮಳೆಗಾಲ ಸಾಕು. ಆ ಅಜ್ಜನನ್ನೂ ಯಾರೋ ತೋಳು ಹಿಡಿದು ಕರೆತಂದರು. ಯಾರು ಅಂತ ನಮ್ಮ ಮನೆಯಲ್ಲಿ ಎರಡು ಮಾತಿದೆ, ಹಾಗಾಗಿ ಬರೆಯುವುದಿಲ್ಲ. ಹಿನ್ನೀರಿನ ಊರಿನವರು ಎಷ್ಟೋ ಮಂದಿ ಹೊಸ ಜಾಗದ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಓಡಾಡಿದ್ದಾರೆ. ಸತ್ತವರು ಎದ್ದು ಬಂದು ಜಮೀನು ಕಸಿದರೆ ಅದು ಕಟ್ಟುಕಥೆ, ಬಿಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು ಎದ್ದು ನಿಲ್ಲುತ್ತದಲ್ಲ, ಅದನ್ನು ಜನ ಈಗ ಪಿಕ್‌ನಿಕ್ ಹೋಗಿ ನೋಡಿ ಬರುತ್ತಾರೆ. ದೊಡ್ಡಪ್ಪ ಹೋಗುವುದಿಲ್ಲ.

ಕಂತಿನ ಕೊನೆಗೆ ಉಳಿದವರು ದಾರಿಯಲ್ಲಿ ಗಾಡಿ ನಿಲ್ಲಿಸಿದಾಗ ರಿಕ್ ಒಂದು ಗುಟ್ಟು ಬಿಚ್ಚುತ್ತಾನೆ. ಕಚ್ಚಿಸಿಕೊಂಡವರಿಗೆ ಮಾತ್ರ ಅಲ್ಲ, ಈ ರೋಗ ಎಲ್ಲರ ಮೈಯಲ್ಲೂ ಆಗಲೇ ಇದೆ. ಹೇಗೆ ಸತ್ತರೂ ಏಳುವುದೇ. ಮೊದಲ ಸೀಸನ್ನಿನ ಕೊನೆಯಲ್ಲಿ ಜೆನ್ನರ್ ಎಂಬ ವಿಜ್ಞಾನಿ ಕಿವಿಯಲ್ಲಿ ಹೇಳಿದ್ದನ್ನು ಇವನು ಅಲ್ಲಿಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಅಮೆರಿಕದ ನೋಡುಗರಿಗೆ ಇದು ದೊಡ್ಡ ಪೆಟ್ಟಾಗಿರಬೇಕು. ನಮ್ಮ ಜಗಲಿಯಲ್ಲಿ ಪೆಟ್ಟು ಬಿದ್ದದ್ದು ರಿಕ್‌ನ ಮರ್ಯಾದೆಗೆ.

"ಇಂಥಾದ್ದನ್ನ ಮುಚ್ಚಿಡ್ತಾರನಾ?" ಅಂದರು ದೊಡ್ಡಮ್ಮ. ಮಂಗನ ಕಾಯಿಲೆ ಊರಿನಲ್ಲಿ ಹುಟ್ಟಿ ಬೆಳೆದವರು ಅವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಅದು, ಉಣುಗು ಕಚ್ಚಿ ಬರುವಂಥದ್ದು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಮೂರು ಊರು ಸುತ್ತುತ್ತದೆ. ಸೊಪ್ಪಿಗೆ ಹೋಗುವವರು ಮೈಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಜ್ವರ, ಎಷ್ಟು ದಿನದ್ದು, ಯಾವ ಆಸ್ಪತ್ರೆ ಅಂತ ಎಲ್ಲರಿಗೂ ಗೊತ್ತು. ಗುಟ್ಟು ಇಟ್ಟುಕೊಳ್ಳುವ ನಾಯಕ ನಮ್ಮಲ್ಲಿ ಒಂದು ಕಂತೂ ಬಾಳುವುದಿಲ್ಲ.

ದೊಡ್ಡಪ್ಪ ರೋಗವನ್ನು ತಮ್ಮ ಲೆಕ್ಕದಲ್ಲಿ ತೆಗೆದುಕೊಂಡರು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಅವರಿಗೆ ಬೇರೆ ಲೆಕ್ಕವಿಲ್ಲ. "ನಮ್ಮ ತೋಟದಲ್ಲೂ ಇದೆ, ಪಕ್ಕದ ತೋಟದಲ್ಲೂ ಇದೆ. ಯಾವತ್ತು ಮೇಲೆ ಕಾಣುತ್ತೆ ಅಂತ ಅಷ್ಟೇ" ಅಂದರು. ಆಮೇಲೆ ಮೈಲುತುತ್ತದ ರೇಟಿನ ಮಾತು ಬಂತು. 100 ಲೀಟರಿಗೆ ಒಂದು ಕಿಲೊ ತುತ್ತ, ಒಂದು ಕಿಲೊ ಸುಣ್ಣ. ಮಳೆ ಬಿಡುವು ಕೊಟ್ಟರೆ ತಾನೇ ಹೊಡೆಯುವುದು? ರಿಕ್, ಜೆನ್ನರ್, ಅಟ್ಲಾಂಟಾ ಎಲ್ಲ ಎಲ್ಲೋ ಹೋದರು.

ಆಗಲೇ ದೊಡ್ಡಮ್ಮ ಕೇಳಿದ್ದು: "ಅಲ್ಲಾ, ದನ ಏನಾದ್ವು? ಹಗ್ಗ ಯಾರು ಬಿಚ್ಚಿದ್ರು?"

ಮೊಮ್ಮಗ ತಬ್ಬಿಬ್ಬಾದ. ಆ ಕಂತನ್ನು ಅವನು ಎಷ್ಟು ಸಲ ನೋಡಿದ್ದನೋ, ಈ ಪ್ರಶ್ನೆ ಅವನಿಗೆ ಹುಟ್ಟಿರಲಿಲ್ಲ. ನನಗೂ ಹುಟ್ಟಿರಲಿಲ್ಲ. ಯಾರು ಯಾವ ಗಾಡಿ ಹತ್ತಿದರು, ಯಾರು ಹಿಂದೆ ಉಳಿದರು ಅಂತ ಎಲ್ಲ ತೋರಿಸುತ್ತಾರೆ. ದನದ ಡಾಕ್ಟರ ಮನೆ ದನಗಳ ಬಗ್ಗೆ ಒಬ್ಬರೂ ಮಾತೆತ್ತುವುದಿಲ್ಲ. ನಮ್ಮ ಕಡೆ ಮನೆ ಮೇಲೆ ಧರೆ ಜರಿದರೂ, ಕೊಟ್ಟಿಗೆಗೆ ನೀರು ನುಗ್ಗಿದರೂ ಮೊದಲು ಓಡುವುದು ಹಗ್ಗ ಬಿಚ್ಚುವುದಕ್ಕೆ. ಈ ಒಂದು ಕಾರಣಕ್ಕೆ ಆ ಕಂತಿಗೆ ನಾನು ಮೊದಲು ಕೊಟ್ಟಿದ್ದ ಮಾರ್ಕ್ಸಿನಲ್ಲಿ ಸ್ವಲ್ಪ ಕಡಿಮೆ ಮಾಡಿದ್ದೇನೆ. ದೊಡ್ಡಮ್ಮ ಪೂರ್ತಿ ಫೇಲ್ ಮಾಡಿದರು.

ಕೊನೆಯ ಚಿತ್ರದಲ್ಲಿ ಕ್ಯಾಮೆರಾ ಮರಗಳ ಮೇಲಿಂದ ಏರಿ ದೂರದಲ್ಲಿ ಒಂದು ದೊಡ್ಡ ಕಟ್ಟಡ ತೋರಿಸುತ್ತದೆ. ಜೈಲು. ಮುಂದಿನ ಸೀಸನ್ನಿನಲ್ಲಿ ಇವರೆಲ್ಲ ಅಲ್ಲೇ ಹೋಗಿ ಸೇರಿಕೊಳ್ಳುತ್ತಾರೆ ಅಂತ ಮೊಮ್ಮಗ ಹೇಳಿದ.

"ಜಮೀನು ಬಿಟ್ಟು ಜೈಲಿಗಾ? ತಾವಾಗೇ ಹೋಗಿ?"

"ಹೂಂ ಅಜ್ಜ. ಆಮೇಲೆ ಹರ್ಷೆಲ್ ರಿಕ್‌ಗೆ ಬಂದೂಕು ಕೆಳಗಿಡೋಕೆ ಹೇಳಿ ಬೇಸಾಯ ಕಲಿಸ್ತಾನೆ. ಜೈಲಿನ ಅಂಗಳದಲ್ಲೇ ತರಕಾರಿ ಬೆಳೀತಾರೆ, ಹಂದಿ ಸಾಕ್ತಾರೆ."

ಹಂದಿಯ ಮಾತು ದೊಡ್ಡಪ್ಪನಿಗೆ ರುಚಿಸಲಿಲ್ಲ. ತರಕಾರಿ ಅಂದದ್ದಕ್ಕೆ ಮಾತ್ರ ಕವಳದ ತಟ್ಟೆ ಪಕ್ಕಕ್ಕಿಟ್ಟು ನೆಟ್ಟಗೆ ಕೂತರು.

"ನೀರು ಎಲ್ಲಿಂದ ತರ್ತಾರೆ ಅಲ್ಲಿಗೆ? ಮೇಲಿಂದ ಅಬ್ಬಿ ನೀರು ಇದೆಯನಾ, ಇಲ್ಲಾ ಬೋರಾ? ನಾಳೆ ಅದನ್ನ ಹಾಕು."