ಹತ್ತು ದೇಶ ಸೇರಿ ಮಾಡಿದರೆ ಕೆಲಸ ಹಸನಾಗುತ್ತದೆಯೇ?

ಪರ

ಆಸ್ವಾನ್ ಅಣೆಕಟ್ಟು ಎದ್ದರೆ ಅಬು ಸಿಂಬೆಲ್‌ನ ಬಂಡೆಗುಡಿಗಳು ನೈಲ್ ನೀರಿನಲ್ಲಿ ಮುಳುಗಬೇಕಿತ್ತು. ಈಜಿಪ್ಟ್ ಒಂದರ ಕೈಲಿ ಉಳಿಸಲು ಆಗುತ್ತಿರಲಿಲ್ಲ. 1960ರಲ್ಲಿ ಯುನೆಸ್ಕೊ ಜಗತ್ತಿನ ಮುಂದೆ ಕೈಯೊಡ್ಡಿತು. ಸುಮಾರು ಐವತ್ತು ದೇಶಗಳು ಹಣ ಕೊಟ್ಟವು. 1964ರಿಂದ 1968ರವರೆಗೆ ಗುಡಿಗಳನ್ನು ಸಾವಿರಕ್ಕೂ ಜಾಸ್ತಿ ತುಂಡು ಮಾಡಿ, 65 ಮೀಟರ್ ಮೇಲಕ್ಕೆ ಒಯ್ದು ಮತ್ತೆ ಜೋಡಿಸಿದರು. ಟನ್‌ಗಟ್ಟಲೆ ತೂಗುವ ಕಲ್ಲುಗಳವು. ಆದರೂ ಕಣ್ಣಿಗೆ ಕಾಣುವ ಕಡೆ ಸೀಳು ತೆಳ್ಳಗಿರಲಿ ಅಂತ ಕೈಗರಗಸದಲ್ಲಿ ಕೊಯ್ದರು. ಈಗಲೂ ವರ್ಷಕ್ಕೆ ಎರಡು ಸಲ ಬೆಳಗಿನ ಬಿಸಿಲು ಗರ್ಭಗುಡಿಯ ತನಕ ಹೋಗುತ್ತದೆ. ಆ ದಿಕ್ಕಿನ ಲೆಕ್ಕವನ್ನೂ ಬಿಡದೆ ಕಟ್ಟಿದ್ದಾರೆ.

ಹಣ ಹಾಗಿರಲಿ, ಜೊತೆಗೆ ಕೂರುವುದೇ ದೊಡ್ಡದು. ಜೋರ್ಡಾನ್‌ನಲ್ಲಿ 2017ರಲ್ಲಿ ತೆರೆದ ಸೆಸಮಿ ಪ್ರಯೋಗಾಲಯಕ್ಕೆ ಇರಾನ್, ಇಸ್ರೇಲ್ ಎರಡೂ ಸದಸ್ಯರು. ಬೇರೆಲ್ಲಿ ಇವರನ್ನು ಒಂದೇ ಮೇಜಿಗೆ ಕರೆತರುತ್ತೀರಿ? ಇನ್ನು ಜಿನೀವಾ ಬಳಿ ಹಲವು ದೇಶಗಳು ಸೇರಿ ನಡೆಸುವ ಭೌತವಿಜ್ಞಾನದ ಪ್ರಯೋಗಾಲಯ ಸರ್ನ್. ವೆಬ್ ಹುಟ್ಟಿದ್ದು ಅಲ್ಲೇ. 1993ರಲ್ಲಿ ಅದನ್ನು ಪುಕ್ಕಟೆ ಬಿಟ್ಟುಕೊಟ್ಟರು. ಯಾವುದೋ ಕಂಪನಿಯ ಸೊತ್ತಾಗಿದ್ದರೆ ಇದನ್ನು ಓದಲೂ ನೀವು ಟಿಕೆಟ್ ತಗೊಳ್ಳಬೇಕಿತ್ತೇನೋ.

ವಿರೋಧ

ಅಬು ಸಿಂಬೆಲ್ ಕಥೆ ಚೆಂದವೇ. ಆದರೆ ಅಲ್ಲಿ ನೀರು ಏರುತ್ತಿತ್ತು, ಕಾಯುವ ಹಾಗಿರಲಿಲ್ಲ. ಅಂಥ ಗಡುವಿಲ್ಲದ ಕಡೆ ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ.

ದಕ್ಷಿಣ ಫ್ರಾನ್ಸ್‌ನ ಐಟರ್ ನೋಡಿ. ಪರಮಾಣು ಬೀಜಗಳನ್ನು ಬೆಸೆದು, ಅಂದರೆ ಸಮ್ಮಿಳನದಿಂದ, ಶಕ್ತಿ ಪಡೆಯುವ ಹಲವು ದೇಶಗಳ ಈ ಯೋಜನೆಗೆ 2006ರಲ್ಲಿ ಸಹಿ ಬಿತ್ತು. ಯಂತ್ರ ಶುರುವಾಗುವುದು ಮೊದಲು 2016 ಅಂದರು. ಈಗ 2034ರ ಮಾತು. ಕೋವಿಡ್ ಕಾಡಿದ್ದು ನಿಜ. ಆದರೆ ಪಾಲುದಾರರಿಗೆಲ್ಲ ತಮ್ಮ ತಮ್ಮ ಕಾರ್ಖಾನೆಗೇ ಕೆಲಸ ಬೇಕಲ್ವಾ? ಹಾಗಾಗಿ ಒಳಗಿನ ನಿರ್ವಾತ ಪಾತ್ರೆಯ ಒಂಬತ್ತು ಹೋಳುಗಳಲ್ಲಿ ಐದು ಯುರೋಪಿನ ಪಾಲು, ನಾಲ್ಕು ಕೊರಿಯಾದ ಪಾಲು. 400 ಟನ್ ಮೀರಿದ ಮೊದಲ ಹೋಳನ್ನು 2022ರಲ್ಲಿ ಗುಂಡಿಗೆ ಇಳಿಸಿದರು. ಬೆಸುಗೆ ಹಾಕುವ ಅಂಚುಗಳ ಅಳತೆ ಸರಿಯಿಲ್ಲ ಅಂತ ಮರುವರ್ಷ ಮೇಲೆತ್ತಿದರು. ಒಂದೇ ಕಡೆ ತಯಾರಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ ಅನ್ನಲಾರೆ. ಬೇಗ ಸಿಗುತ್ತಿತ್ತು ಅಂತ ಮಾತ್ರ ನನ್ನ ಅಂದಾಜು.

ಇನ್ನು ದುಡ್ಡು ಕೊಡುವವರ ಮುನಿಸು. 2011ರಲ್ಲಿ ಯುನೆಸ್ಕೊ ಪ್ಯಾಲೆಸ್ಟೀನನ್ನು ಸೇರಿಸಿಕೊಂಡಿತು. ಅಮೆರಿಕ ತನ್ನ ಚಂದಾ ನಿಲ್ಲಿಸಿತು, ಬಜೆಟ್ಟಿನ ಐದನೇ ಒಂದು ಪಾಲು ಹೋಯಿತು. 1984ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಅದು ಹೊರನಡೆದಿತ್ತು. ವಾಪಸ್ ಬಂದು ಎರಡೇ ವರ್ಷಕ್ಕೆ, 2025ರಲ್ಲಿ, ಮತ್ತೆ ಹೊರಡುತ್ತೇನೆ ಅಂದಿತು. ವಿಜ್ಞಾನಕ್ಕೆ ಗಡಿಯಿಲ್ಲ ಅನ್ನುತ್ತಿದ್ದ ಸರ್ನ್ ಕೂಡ ಯುಕ್ರೇನ್ ಯುದ್ಧದ ನಂತರ, 2024ರಲ್ಲಿ, ರಷ್ಯಾ ಜೊತೆಗಿನ ಒಪ್ಪಂದ ಮುಗಿಸಿತು.

ಎರಡು ಪ್ರಯೋಗಾಲಯ, ನಾಲ್ಕು ವಿದ್ಯಾರ್ಥಿಗಳು, ಹಂಚಿಕೊಳ್ಳುವ ಒಂದಿಷ್ಟು ದತ್ತಾಂಶ ಸಾಲದೇ? ಯಾರಾದರೂ ಎದ್ದು ಹೋದರೂ ನಷ್ಟವಾಗುವುದು ಅಷ್ಟೇ.