ಸತ್ಯಾಂಶ: ತಿಮರೆ ರಸ ಕುಡಿದರೆ ಮರೆವಿನ ರೋಗ ಬಾರದೇ?

ಖಾಲಿ ಹೊಟ್ಟೆಗೆ ತಿಮರೆ (ಒಂದೆಲಗ) ರಸ, ಮಧ್ಯಾಹ್ನ ಪುನರ್ಪುಳಿ (ಕೋಕಂ) ಶರಬತ್ತು. ಅವುಗಳಲ್ಲಿನ ಆಂಟಿಆಕ್ಸಿಡೆಂಟ್ (ಕೋಶಗಳ ಹಾನಿ ತಡೆಯುವ ಅಂಶ) ಮೆದುಳಿನ ಕೋಶ ಉಳಿಸುತ್ತದೆ, ಆಲ್ಝೈಮರ್, ಪಾರ್ಕಿನ್ಸನ್ ಹತ್ತಿರ ಸುಳಿಯುವುದಿಲ್ಲ. ಮಂಗಳೂರು, ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸಂದೇಶವಿದು.

ಪುನರ್ಪುಳಿಯ ಕೆಂಪು ಬಣ್ಣ ಆಂಥೋಸಯನಿನ್ ಎಂಬ ಆಂಟಿಆಕ್ಸಿಡೆಂಟ್. ಪ್ರಯೋಗಾಲಯದ ಕೋಶಗಳ ಮೇಲೆ ಅದು ಕೆಲಸ ಮಾಡುವುದು ನಿಜ. ಆದರೆ ಕುಡಿದದ್ದರಲ್ಲಿ ರಕ್ತ ಸೇರುವುದೇ ಅತ್ಯಲ್ಪ, ಅದರಲ್ಲೂ ಮೆದುಳಿನ ರಕ್ತನಾಳಗಳ ಬಿಗಿ ತಡೆ ದಾಟುವುದು ಇನ್ನೂ ಕಡಿಮೆ. ವಿಟಮಿನ್ ಇಯಂಥ ಬೇರೆ ಆಂಟಿಆಕ್ಸಿಡೆಂಟ್‌ಗಳು ಮಾತ್ರೆಯ ರೂಪದಲ್ಲೂ ಗೆದ್ದಿಲ್ಲ. 1993ರ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಇ ಪಾರ್ಕಿನ್ಸನ್ ವೇಗ ತಗ್ಗಿಸಲಿಲ್ಲ. 2017ರಲ್ಲಿ ಪ್ರಕಟವಾದ, 7,000ಕ್ಕೂ ಹೆಚ್ಚು ಪುರುಷರ ಅಧ್ಯಯನದಲ್ಲಿ ವಿಟಮಿನ್ ಇ, ಸೆಲೆನಿಯಂ ಡಿಮೆನ್ಷಿಯಾ (ಮರೆವಿನ ರೋಗ) ತಡೆಯಲಿಲ್ಲ. ಆಲ್ಝೈಮರ್ ಇದ್ದವರ 2014ರ ಒಂದು ಪ್ರಯೋಗದಲ್ಲಿ ವಿಟಮಿನ್ ಇಯಿಂದ ದಿನನಿತ್ಯದ ಚಟುವಟಿಕೆಯ ಕುಸಿತ ತುಸು ನಿಧಾನವಾಯಿತು, ಅಷ್ಟೆ, ನೆನಪು ಮರಳಲಿಲ್ಲ.

ತಿಮರೆ ಚಟ್ನಿ ಊಟಕ್ಕೆ ಧಾರಾಳವಾಗಿ ಇರಲಿ, ಅದರ ರುಚಿಗೆ ತಕರಾರಿಲ್ಲ. ತೊಂದರೆ ಬೇರೆ ಕಡೆ: ಈ ಸಂದೇಶ ನಂಬಿ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಮೈ ಸೆಟೆದು, ತೀವ್ರ ಜ್ವರ ಬಂದು ಜೀವಕ್ಕೇ ಕುತ್ತಾಗಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ಹೆಚ್ಚಿನ ಪ್ರಮಾಣದ ವಿಟಮಿನ್ ಇ ಸೇರಿಸಿಕೊಂಡರೆ ರಕ್ತಸ್ರಾವದ ಅಪಾಯ. ಮೊದಲು ವೈದ್ಯರಿಗೆ ಹೇಳಿ.