ಮಣಿಪಾಲ ಹತ್ತಿದ ಪಂಪು

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ನಮ್ಮ ಕಡೆ ಕೋಲ, ನೇಮ, ಯಕ್ಷಗಾನ ಎಲ್ಲವೂ ಗೆಜ್ಜೆ ಬಿಚ್ಚುತ್ತವೆ. ನನ್ನಂಥ ಶಾಮಿಯಾನದವರಿಗೂ ಅಲ್ಲಿಂದ ರಜೆ. ಕುರ್ಚಿಗಳು ಗೋದಾಮಿನಲ್ಲಿ ಒಂದರ ಮೇಲೊಂದು ಕೂರುತ್ತವೆ, ಲಾರಿ ಅಂಗಳದ ಮೂಲೆ ಸೇರುತ್ತದೆ. ಕಾಯಿಲೆ ಬರುವುದಿದ್ದರೆ ಆ ಸಮಯದಲ್ಲಿ ಬರಲಪ್ಪಾ ಎಂದು ನಾನು ಪ್ರತಿ ವರ್ಷ ಬೇಡಿಕೊಳ್ಳುವುದುಂಟು. ಲಾರಿ ಕೇಳುವುದಿಲ್ಲ. ಮದುವೆ ಸೀಸನ್ನಿನಲ್ಲೇ ಕೆಮ್ಮಲು ಶುರು ಮಾಡುತ್ತದೆ.

ಲಾರಿ ಎಂದರೆ ಟಾಟಾ 407. ಈ ಜಾತಿಯ ಗಾಡಿ ಮೊದಲು ರಸ್ತೆಗೆ ಬಂದದ್ದು 1986ರಲ್ಲಿ. ನಮ್ಮದು ಅಷ್ಟು ಹಿರಿಯದಲ್ಲ. ಆದರೂ ನಮ್ಮೂರಿನ ಭಟ್ಟರಿಗಿಂತ ಹೆಚ್ಚು ಮದುವೆಗೆ ಅದು ಹೋಗಿದೆ. ಊಟ ಮಾತ್ರ ಸಿಕ್ಕಿಲ್ಲ.

ಈ ಸಲ ಅದರ ವರಸೆ ವಿಚಿತ್ರವಾಗಿತ್ತು. ಉಡುಪಿಯಿಂದ ಮಣಿಪಾಲಕ್ಕೆ ಹೊರಟರೆ ಕಲ್ಸಂಕ, ಕುಂಜಿಬೆಟ್ಟು, ಇಂದ್ರಾಳಿ ತನಕ ಚೆಂದ ಓಡುತ್ತದೆ. ಲಕ್ಷ್ಮೀಂದ್ರ ನಗರದ ಏರು ಸಿಕ್ಕಿದ ಕೂಡಲೇ ಉಸಿರು ಹೋಗುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವುದಿಲ್ಲ. ಆಮೇಲೆ ಸುಮ್ನೆ ಆಫ್. ಮೇಲೆ ಮದುವೆ ಹಾಲ್‌ನಲ್ಲಿ ಜನ ನಿಂತಿದ್ದಾರೆ, ಕೂರಬೇಕಾದ ಕುರ್ಚಿಗಳು ಇಲ್ಲಿ ಲಾರಿಯಲ್ಲಿ ಕೂತಿವೆ. ಹಿಂದಿನಿಂದ ಬಸ್ಸಿನ ಹಾರ್ನ್. ಹುಡುಗ ಇಳಿದು, ಬಾನೆಟ್ ಎತ್ತಿ, ಕೈಯಿಂದ ಡೀಸೆಲ್ ದಬ್ಬುವ ಹ್ಯಾಂಡ್ ಪ್ರೈಮರನ್ನು ಚಕಚಕ ಒತ್ತಿದರೆ ಸ್ವಲ್ಪ ದೂರ ಹೋಗುತ್ತದೆ. ಮತ್ತೆ ನಿಲ್ಲುತ್ತದೆ. ಹೀಗೆ ಕಂತಿನಲ್ಲಿ ಮಣಿಪಾಲ ತಲುಪಿದೆವು. ಹುಡುಗಿಯ ಅಪ್ಪ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಗ್ಯಾರೇಜಿನವರಿಗೆ ತೋರಿಸಿದೆ. ಇಂಜೆಕ್ಟರುಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ದೊಡ್ಡ ಪಂಪನ್ನೇ ಇಳಿಸಿ ಕ್ಯಾಲಿಬ್ರೇಷನ್‌ಗೆ ಕಳಿಸಬೇಕು ಎಂದರು. ಖರ್ಚು ಹೇಳುವಾಗ ಮಾತ್ರ ಅವರ ಕಣ್ಣು ರಸ್ತೆಯ ಕಡೆಗಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಲಾರಿಯನ್ನು ಅಂಗಳಕ್ಕೆ ತಂದೆ.

ಅಂಗಳದಲ್ಲಿ ಬಾನೆಟ್ ಎತ್ತಿಟ್ಟರೆ ಆಯಿತು, ಊರಿಗೆ ಡಂಗುರ ಸಾರಿದಂತೆಯೇ. ಮೊದಲು ಬಂದವರು ಗಲ್ಫಿನಿಂದ ವಾಪಸಾದ ಪಕ್ಕದ ಮನೆಯವರು. "ಅಲ್ಲಿ ಆಗಿದ್ರೆ ಇದನ್ನು ಗುಜರಿಗೆ ಹಾಕ್ತಿದ್ರು" ಎಂದರು. ಹಾಲಿನವರು ಡೀಸೆಲಿನಲ್ಲಿ ನೀರು ಸೇರಿದೆ ಎಂದರು. ನೀರಿನ ವಿಷಯದಲ್ಲಿ ಅವರಿಗೆ ಅನುಭವ ಜಾಸ್ತಿ, ಅಲ್ಲಗಳೆಯಲಾಗಲಿಲ್ಲ. ಭಾವ ಮೊಬೈಲ್ ಹಿಡಿದುಕೊಂಡೇ ಬಂದರು. ಯಾವುದೋ ವಿಡಿಯೋ ನೋಡಿ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಪೈಪ್ ಒಂದೊಂದಾಗಿ ಸಡಿಲ ಮಾಡಬೇಕೆಂದು ಪಟ್ಟು ಹಿಡಿದರು.

ಪುಣ್ಯಕ್ಕೆ ಜೂನ್ ಬಂದಿತ್ತು. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳಿಗೆ ನಿಷೇಧ. ಹಾಗಾಗಿ ಮಲ್ಪೆಯಲ್ಲಿ ಬೋಟಿನ ಎಂಜಿನ್ ನೋಡಿಕೊಳ್ಳುವ ನಮ್ಮ ದೊಡ್ಡಮ್ಮನ ಮಗ ಮನೆಯಲ್ಲೇ ಇದ್ದ. ಫೋನ್ ಮಾಡಿದೆ. ಮಳೆಗೆ ತಲೆ ಮೇಲೊಂದು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಬಂದ. ನಡು ಸಮುದ್ರದಲ್ಲಿ ಎಂಜಿನ್ ನಿಂತಾಗ ಸರಿ ಮಾಡಿದವನಿಗೆ ನಮ್ಮ ಅಂಗಳ ಯಾವ ಲೆಕ್ಕ?

ಭಾವನ ವಿಡಿಯೋ ನೋಡಿ ಅಣ್ಣ ಹೌಹಾರಿದ. "ಮಾರಾಯ್ರೇ, ವಿಡಿಯೋದಲ್ಲಿರುವುದು ಹೊಸ ನಮೂನೆಯ ಕಾಮನ್ ರೈಲ್ ಎಂಜಿನ್. ಅದರಲ್ಲಿ ಒತ್ತಡ ಸಾವಿರ ಬಾರ್ ದಾಟ್ತದೆ. ಓಡುವಾಗ ಪೈಪ್ ಸಡಿಲ ಮಾಡಿ ಕೈ ಇಟ್ರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗ್ತದೆ. ಬೆರಳು ಬೇಕಾ ಬೇಡ್ವಾ ನಿಮಗೆ?" ಭಾವ ಮೊಬೈಲ್ ಕಿಸೆಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಎರಡೂ ಕೈಗಳನ್ನು ಕೂಡ.

ಅಣ್ಣನ ಪರೀಕ್ಷೆ ಸರಳ. ಒಂದು ಕ್ಯಾನಿಗೆ ಚೊಕ್ಕ ಡೀಸೆಲ್ ಹಾಕಿ ಲಾರಿಯ ಕನ್ನಡಿಯ ಸರಳಿಗೆ ನೇತು ಹಾಕಿದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಹಾಗೆ ಅದರಿಂದ ಪೈಪ್ ಬಿಟ್ಟು ನೇರ ಫಿಲ್ಟರಿಗೆ ಕೊಟ್ಟ. ಡೀಸೆಲ್ ತಾನಾಗಿ ಇಳಿಯತೊಡಗಿತು. ಸೆಲ್ಫ್ ಹೊಡೆದರೆ ಎಂಜಿನ್ ಗಡಗಡ ಎಂದು ಎದ್ದು ಕೂತಿತು. ಎಷ್ಟು ರೇಸ್ ಕೊಟ್ಟರೂ ತಡವರಿಸಲಿಲ್ಲ. "ನೋಡು, ದೊಡ್ಡ ಪಂಪಿಗೆ ಎಂಥ ಆಗಿಲ್ಲ. ಇದಕ್ಕೆ ಊಟ ತಂದು ಕೊಡುವವ ಸೋತಿದ್ದಾನೆ." ಟ್ಯಾಂಕಿನಿಂದ ಬರುವ ಪೈಪ್ ಎಲ್ಲಾದರೂ ಒಡೆದಿದ್ದರೂ, ಫಿಲ್ಟರ್ ಕಟ್ಟಿದ್ದರೂ ಇದೇ ತರ ಆಗುತ್ತದಂತೆ. ಫಿಲ್ಟರ್ ಮೊನ್ನೆ ಹಾಕಿದ್ದು. ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಿ, ಅದನ್ನೂ ಬಿಟ್ಟ.

ಊಟ ತಂದು ಕೊಡುವವ ಎಂದರೆ ಫೀಡ್ ಪಂಪ್. ದೊಡ್ಡ ಪಂಪಿನ ಪಕ್ಕೆಗೆ ಅಂಟಿಕೊಂಡಿರುತ್ತದೆ. ದೊಡ್ಡ ಪಂಪಿನ ಕ್ಯಾಮ್‌ಶಾಫ್ಟ್ ತಳ್ಳಿದಂತೆಲ್ಲ ಇದರೊಳಗಿನ ಚಿಕ್ಕ ಪಿಸ್ಟನ್ ಹಿಂದೆ ಮುಂದೆ ಹೋಗಿ ಟ್ಯಾಂಕಿನ ಡೀಸೆಲನ್ನು ಎಳೆದು ಫಿಲ್ಟರಿಗೆ ದಬ್ಬುತ್ತದೆ. ಒಳಗೆ ವಾಲ್ವ್, ಸ್ಪ್ರಿಂಗ್ ಸವೆದರೆ ಸಪಾಟು ರಸ್ತೆಗೆ ಸಾಕಾಗುವಷ್ಟು ಬರುತ್ತದೆ, ಏರಿಗೆ ಬರುವುದಿಲ್ಲ. ನಮ್ಮದರ ಮೇಲೆ ಎಣ್ಣೆ ಜಿಡ್ಡು ಒರೆಸಿದಾಗ ಮೈಕೋ ಎಂದು ಕಂಡಿತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ. ಗ್ಯಾರೇಜುಗಳಿಗೆ ಅದನ್ನು ಯಾರೂ ತಿಳಿಸಿಲ್ಲ. ಯಾವ ಕಂಪನಿಯ ಪಂಪ್ ಬಂದರೂ ಈಗಲೂ "ಮೈಕೋ ಪಂಪ್" ಎಂದೇ ಕರೆಯುತ್ತಾರೆ.

ಹೊಸ ಪಂಪ್ ಉಡುಪಿಯಲ್ಲಿ ಸಿಗಲಿಲ್ಲ. ಮಂಗಳೂರಿನ ಅಂಗಡಿಗೆ ಹಳೆಯದರ ಫೋಟೋ ಕಳಿಸಿದೆ. "ಎಕ್ಸ್‌ಪ್ರೆಸ್ ಬಸ್ಸಲ್ಲಿ ಹಾಕ್ತೇನೆ, ಕಿನ್ನಿಮುಲ್ಕಿಯಲ್ಲಿ ಹಿಡ್ಕೊಳ್ಳಿ" ಎಂದರು. ಕರಾವಳಿಯಲ್ಲಿ ಇದಕ್ಕಿಂತ ವೇಗದ ಕೊರಿಯರ್ ಇನ್ನೂ ಹುಟ್ಟಿಲ್ಲ. ಕೊಡೆ ಹಿಡಿದು ನಿಂತೆ. ಬಸ್ಸು ಬಂತು, ನಿಂತಿತು, ನಿಂತದ್ದು ನಿಂತಂತೆಯೇ ಹೊರಟಿತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ "ಮಣಿಪಾಲ ಮಣಿಪಾಲ" ಎಂದು ಕೂಗುವುದರಲ್ಲಿ ಮಗ್ನ. ನನ್ನ ಕೈಸನ್ನೆಯನ್ನು ಟಾಟಾ ಎಂದುಕೊಂಡು ತಾನೂ ಟಾಟಾ ಮಾಡಿದ. ಸ್ಕೂಟರಿನಲ್ಲಿ ಹಿಂದೆ ಬಿದ್ದೆ. ನನ್ನ ಲಾರಿಗೆ ಹತ್ತಲಾಗದ ಏರನ್ನು ಅದರ ಪಂಪು ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಮೂರನೇ ಗೇರಿನಲ್ಲಿ ಹತ್ತಿತು. ಟೈಗರ್ ಸರ್ಕಲಿನಲ್ಲಿ ಡಬ್ಬ ಕೈಗೆ ಬಂತು. "ನೀವು ಅಲ್ಲೇ ಹೇಳ್ಬಾರದಾ?" ಎಂದು ಕಂಡಕ್ಟರ್ ನನಗೇ ಕೇಳಿದ.

ಬಿಚ್ಚುವ ಕೆಲಸದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪೈಪ್ ಹಿಡಿದಿಡುವ ಎರಡು ಟೊಳ್ಳು ಬೋಲ್ಟ್ (ಬ್ಯಾಂಜೋ ಬೋಲ್ಟ್), ಮೂರು ನಟ್ಟು. ಎರಡು ನಟ್ಟು ಕಣ್ಣಿಗೆ ಕಾಣುತ್ತವೆ. ಮೂರನೆಯದು ಹಿಂದೆ, ಎಂಜಿನ್ನಿಗೂ ಪಂಪಿಗೂ ನಡುವಿನ ಸಂದಿಯಲ್ಲಿ. ಅದನ್ನು ಬೆರಳಿನ ತುದಿಯಲ್ಲಿ ಹುಡುಕಿ, ಸ್ಪ್ಯಾನರ್ ಸಿಕ್ಕಿಸಿ, ಸ್ವಲ್ಪ ತಿರುಗಿಸಿ, ತೆಗೆದು, ಮತ್ತೆ ಸಿಕ್ಕಿಸಬೇಕು. ಅಷ್ಟು ಹೊತ್ತು ಕಣ್ಣಿಗೆ ಕೆಲಸವಿಲ್ಲದ ಕಾರಣ ಸುತ್ತ ನಿಂತವರ ಮುಖಗಳನ್ನೇ ನೋಡುತ್ತಿದ್ದೆ. ಎಲ್ಲರೂ ನನಗಿಂತ ಜಾಸ್ತಿ ಹಲ್ಲು ಕಚ್ಚಿಕೊಂಡಿದ್ದರು.

ರಗಳೆ ಶುರುವಾದದ್ದು ಕಾಪರ್ ವಾಷರಿನಿಂದ. ಬ್ಯಾಂಜೋ ಬೋಲ್ಟಿನ ಎರಡೂ ಬದಿಗೆ ತೆಳ್ಳಗಿನ ತಾಮ್ರದ ವಾಷರ್ ಬೇಕು. ಅದು ಸರಿ ಕೂರದಿದ್ದರೆ ಪಂಪು ಡೀಸೆಲಿನ ಬದಲು ಗಾಳಿ ಎಳೆಯುತ್ತದೆ. ಹೊಸ ವಾಷರುಗಳನ್ನು ಜಗಲಿಯ ಮೇಲೆ ಪೇಪರಿನಲ್ಲಿ ಇಟ್ಟಿದ್ದೆವು. ನೋಡಿದರೆ ಖಾಲಿ. ಭಾವನ ಮಗಳು ಒಳಗೆ ಕನ್ನಡಿಯ ಮುಂದೆ ನಿಂತಿದ್ದಳು, ಬೆರಳುಗಳಲ್ಲಿ ಥಳಥಳ ಉಂಗುರ. ಚಾಕಲೇಟ್ ಕೊಡುತ್ತೇನೆ ಎಂದದ್ದಕ್ಕೆ ಕೆಲವನ್ನು ಬಿಚ್ಚಿಕೊಟ್ಟಳು. ಹೆಬ್ಬೆರಳಿನದ್ದನ್ನು ಮಾತ್ರ "ಇದು ಮದುವೆಯದ್ದು ಮಾವ, ಕೊಡ್ಲಿಕ್ಕಿಲ್ಲ" ಎಂದು ಮುಷ್ಟಿ ಬಿಗಿ ಹಿಡಿದಳು. ಮದುವೆಯ ವಿಷಯದಲ್ಲಿ ನಮ್ಮ ಲಾರಿ ಮೊದಲೇ ಒಂದು ಕಡೆ ಹೆಸರು ಕೆಡಿಸಿಕೊಂಡಿತ್ತು. ಹೆಚ್ಚು ಒತ್ತಾಯ ಮಾಡಲಿಲ್ಲ.

"ಹಳೆಯದೇ ಆಗ್ತದೆ" ಎಂದ ಅಣ್ಣ ಅದನ್ನು ಹಿಡಿದು ಸೀದಾ ಅಡಿಗೆಮನೆಗೆ ನುಗ್ಗಿದ. ಒಮ್ಮೆ ಒತ್ತಿದ ತಾಮ್ರ ಗಟ್ಟಿಯಾಗಿರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗಿ ಚೆಂದ ಕೂರುತ್ತದೆ. ಬೋಟಿನವರು ಹೀಗೇ ಮಾಡುತ್ತಾರಂತೆ. ಅಮ್ಮ ಪತ್ರೊಡೆಗೆ ಕೆಸುವಿನ ಎಲೆ ಒರೆಸುತ್ತಿದ್ದರು. ಅವರ ಗ್ಯಾಸಿನ ಮೇಲೆ, ಅವರದ್ದೇ ಇಕ್ಕಳದಲ್ಲಿ, ಡೀಸೆಲ್ ನಾತದ ವಾಷರ್! ನೀಲಿ ಬೆಂಕಿಯಲ್ಲಿ ಅದು ಮೊದಲು ಕಪ್ಪಾಯಿತು, ಆಮೇಲೆ ಅಂಚಿನಿಂದ ಕೆಂಡದ ಬಣ್ಣ ಏರಿತು. ಲೋಟದ ನೀರಿಗೆ ಬಿದ್ದು ಚುಂಯ್ ಎಂದಿತು. "ಆ ಲೋಟ ಇನ್ನು ಒಳಗೆ ತರಬೇಡ ಮಗಾ" ಎಂದರು ಅಮ್ಮ. ಇಕ್ಕಳದ ಬಗ್ಗೆ ಅವರು ಏನೂ ಹೇಳಲಿಲ್ಲ. ಅದೇ ಹೆದರಿಕೆ.

ಪಂಪ್ ಕೂರಿಸಿದ್ದಾಯಿತು. ಆಗಲೇ ಅಣ್ಣ ತೋಳು ಮಡಚಿದ್ದು. "ಈಗ ಕೆಲಸ ಶುರು" ಎಂದ. ಪೈಪ್ ಬಿಚ್ಚಿದಾಗ ಹೊಕ್ಕ ಗಾಳಿಯನ್ನು ಪೂರ್ತಿ ಹೊರಗೆ ಹಾಕದಿದ್ದರೆ ಡೀಸೆಲ್ ಎಂಜಿನ್ ಏಳುವುದೇ ಇಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ಇಂಜೆಕ್ಟರಿಗೆ ಬೇಕಾದ ಒತ್ತಡ ಬರುವುದೇ ಇಲ್ಲ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲ ಮಾಡಿ ಪ್ರೈಮರ್ ಒತ್ತಬೇಕು. ನಾನು ಒತ್ತಿದೆ, ಹುಡುಗ ಒತ್ತಿದ, ಪಶ್ಚಾತ್ತಾಪದಿಂದ ಭಾವನೂ ಒತ್ತಿದರು. ಮೊದಲು ಬುಸ್ ಎಂದು ಗಾಳಿ. ಆಮೇಲೆ ಬಿಳಿ ನೊರೆ, ಗುಳುಗುಳು. ನೊರೆ ಕಡಿಮೆಯಾಯಿತೆಂದು ಸ್ಕ್ರೂ ಬಿಗಿ ಮಾಡಲು ಹೊರಟರೆ ಅಣ್ಣ ಕೈ ಹಿಡಿದ. ಇನ್ನೂ ಒಂದೊಂದು ಗುಳ್ಳೆ ಬರುತ್ತಿತ್ತು. ಕೊನೆಗೆ ದಾರದಂತೆ ಸಪೂರ, ಗುಳ್ಳೆಯೇ ಇಲ್ಲದ ಡೀಸೆಲ್ ಇಳಿಯಿತು. ಪ್ರೈಮರ್ ಬೆರಳಿಗೆ ಗಟ್ಟಿ ಸಿಕ್ಕಿತು. ದೊಡ್ಡ ಪಂಪಿನ ಸ್ಕ್ರೂನಲ್ಲೂ ಇದೇ ಕತೆ.

ಸೆಲ್ಫ್ ಹೊಡೆದೆ. ಒಮ್ಮೆ ಗೊರಗೊರ ಎಂದಿತು, ಬಿಳಿ ಹೊಗೆ ಬಿಟ್ಟಿತು, ಎದ್ದಿತು. ಅಂಗಳದಲ್ಲಿ ಚಪ್ಪಾಳೆ. ಹಾಲಿನವರು, "ನಾನು ಹೇಳಲಿಲ್ವಾ?" ಎಂದರು. ಅವರು ಹೇಳಿದ್ದು ಬೇರೆಯೇ, ಇರಲಿ.

ಟ್ರಯಲ್‌ಗೆ ಮಣಿಪಾಲವೇ ಆಗಬೇಕು ಎಂದು ಎಲ್ಲರೂ ಹಿಂದೆ ಹತ್ತಿದರು. ಗೋದಾಮಿನಿಂದ ಕುರ್ಚಿ ತಂದು ಹಾಕಿಕೊಂಡು ಕೂತರು. ಲಕ್ಷ್ಮೀಂದ್ರ ನಗರದ ಏರಿನಲ್ಲಿ ಲಾರಿ ಒಂದು ಮಾತೂ ಆಡದೆ ಹತ್ತಿತು. ಮೇಲೆ ಚಾ, ಗೋಳಿಬಜೆ. ಬಿಲ್ಲು ನನ್ನ ಲೆಕ್ಕಕ್ಕೆ. ಗ್ಯಾರೇಜಿನವರು ಹೇಳಿದ್ದಕ್ಕಿಂತ ಕಡಿಮೆಯೇ ಬಂತು, ಆದರೆ ಬಹಳ ಕಡಿಮೆಯೇನಲ್ಲ.

ಸುದ್ದಿ ಮಾತ್ರ ಊರೆಲ್ಲ ಹರಡಿತು. ಮರುದಿನ ಬೆಳಿಗ್ಗೆ ಗೇಟಿನ ಹೊರಗೆ ಕೊಡೆ ಹಿಡಿದು ಒಬ್ಬರು ಹೆಂಗಸು. "ನೀವು ಪಂಪು ರಿಪೇರಿ ಮಾಡ್ತೀರಂತಲ್ಲ? ನಮ್ಮ ಬಾವಿಯ ಪಂಪು ತಿರುಗ್ತದೆ, ನೀರು ಎತ್ತುದಿಲ್ಲ." ನಾನಲ್ಲ ಅಮ್ಮಾ, ನಾನು ಶಾಮಿಯಾನದವ ಎನ್ನಬೇಕೆಂದು ಬಾಯಿ ತೆರೆದೆ. ಹೊರಗೆ ಬಂದ ಮಾತೇ ಬೇರೆ.

"ಏರ್ ಹಿಡಿದಿರ್ಬೇಕು. ಫುಟ್‌ವಾಲ್ವ್ ನೋಡಿದ್ರಾ?"